ಧಾಟಿಗೆ ಸಿಕ್ಕ ಕವಿತೆ: ಬರ್ಡ್ಸ್ ತಂಡದ ಮೊದಲ ಹಾಡುಗಳೂ ನಮ್ಮ ಭಾವಗೀತೆಯೂ

ಭಾವಗೀತೆಯನ್ನು ಓದಿ ತಿಳಿದವರಿಗಿಂತ ಕೇಳಿ ತಿಳಿದವರೇ ಇಂದು ನಮ್ಮಲ್ಲಿ ಹೆಚ್ಚು. ಈ ಮಾತು ಕರ್ನಾಟಕದ ಒಳಗೂ ನಿಜವೇ. ಆದರೆ ಠಾಣೆ, ಡೊಂಬಿವಲಿ, ಕಲ್ಯಾಣಗಳನ್ನು ದಾಟಿ ಬದಲಾಪುರದವರೆಗೆ ಹಬ್ಬಿರುವ ನಮ್ಮಂಥ ಹೊರನಾಡಿನವರ ಮನೆಗಳಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಅಕ್ಷರಾಭ್ಯಾಸವಾದ ಮಕ್ಕಳ ಬಳಿಗೆ ಬೇಂದ್ರೆಯವರೂ ಕುವೆಂಪು ಅವರೂ ಅಡಿಗರೂ ಮೊದಲು ಬರುವುದು ಕಿವಿಯ ದಾರಿಯಿಂದ. ಎಷ್ಟೋ ವೇಳೆ ಕೊನೆಗೂ ಆ ದಾರಿಯೊಂದೇ ಉಳಿಯುತ್ತದೆ. ಹೀಗಿರುವಲ್ಲಿ ಕವಿತೆಗೆ ಧಾಟಿ ಕಟ್ಟುವವರ ಹೊಣೆ ಸಣ್ಣದಲ್ಲ. ಅವರು ಕವಿತೆಯನ್ನು ಅಲಂಕರಿಸುವವರಷ್ಟೇ ಅಲ್ಲ, ಅನೇಕರ ಪಾಲಿಗೆ ಅದರ ಏಕಮಾತ್ರ ಪ್ರತಿಯನ್ನು ಸಿದ್ಧಪಡಿಸುವವರು. ನಮ್ಮ ವಿಮರ್ಶೆಯಾದರೋ ಸುಗಮ ಸಂಗೀತದ ಮಾತು ಬಂದಾಗ ಒಂದೋ ಗಾಯಕರನ್ನು ಹೊಗಳಿ ಸುಮ್ಮನಾಗುತ್ತದೆ, ಇಲ್ಲವೇ ಕವಿತೆ ಕೆಟ್ಟಿತೆಂದು ಮೂಗು ಮುರಿಯುತ್ತದೆ. ಯಾವುದು ಕೆಟ್ಟಿತು, ಯಾವುದು ಉಳಿಯಿತು, ಅದನ್ನು ಅಳೆಯುವ ಕೋಲು ಯಾವುದು ಎಂಬುದನ್ನು ಮಾತ್ರ ಕೇಳಿದವರು ಕಡಮೆ.

ಈ ಪ್ರಶ್ನೆಯನ್ನು ಬಿಡಿಸಿಕೊಳ್ಳಲು ಅರುವತ್ತರ ದಶಕದ ಅಮೆರಿಕದ ಒಂದು ರಾಕ್ ತಂಡದ ಕಡೆಗೆ ತಿರುಗುವುದನ್ನು ಕಂಡು ವಾಚಕರು ಅಚ್ಚರಿಪಡಬಹುದು. 'ಇಂಗ್ಲಿಷ್ ಗೀತಗಳು' ಹೊರಟ ಕಾಲದಿಂದ ನಾವು ಆ ಕಡೆಯ ಹಾಡಿನಿಂದ ನಮ್ಮ ಹಾಡನ್ನು ನೋಡಿಕೊಳ್ಳುತ್ತಲೇ ಬಂದಿದ್ದೇವೆ; ಶ್ರೀಯವರು ಲಿರಿಕ್ಕನ್ನು ತಂದರು, ಲಿರಿಕ್ಕಿಗೆ ಅಲ್ಲಿ ಮುಂದೆ ಏನಾಯಿತೆಂಬುದನ್ನು ವಿಚಾರಿಸಿದರೆ ತಪ್ಪಿಲ್ಲ. ಬರ್ಡ್ಸ್ ಎಂಬ ಈ ತಂಡವನ್ನೇ ಆರಿಸಿಕೊಳ್ಳಲು ಕಾರಣ ಬೇರೆ. ಒಂದೇ ರಚನೆ ಕವಿಯ ಬಾಯಲ್ಲಿ ಹೇಗಿತ್ತು, ತಂಡದ ಕೈಯಲ್ಲಿ ಹೇಗಾಯಿತು ಎಂಬ ಎರಡು ರೂಪಗಳೂ ಕೆಲವೇ ವಾರಗಳ ಅಂತರದಲ್ಲಿ ಧ್ವನಿಮುದ್ರಿಕೆಯಾಗಿ ಜನರ ಮುಂದೆ ಬಂದವು. ಹೋಲಿಕೆಗೆ ಇಷ್ಟು ಸ್ಪಷ್ಟವಾದ ಸಾಮಗ್ರಿ ನಮ್ಮಲ್ಲಿ ಸುಲಭವಾಗಿ ದೊರೆಯದು.

ತಂಡ ಹುಟ್ಟಿದ್ದು 1964ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಜಿಮ್ ಮಗ್ವಿನ್, ಜೀನ್ ಕ್ಲಾರ್ಕ್, ಡೇವಿಡ್ ಕ್ರಾಸ್ಬಿ ಎಂಬ ಮೂವರು ತರುಣರು ಅಲ್ಲಿನ ಟ್ರೂಬಡೂರ್ ಎಂಬ ಹಾಡುಗಾರರ ಅಡ್ಡೆಯಲ್ಲಿ ಒಂದಾದರು. ಮೂವರೂ ಜನಪದ ಗೀತೆಗಳನ್ನು ಹಾಡಿಕೊಂಡು ಬಂದವರು. ಆ ವರ್ಷ ಬೀಟಲ್ಸರ ಚಲಚ್ಚಿತ್ರವೊಂದನ್ನು ನೋಡಿ ಅವರ ವಾದ್ಯಗಳಿಗೆ ಮರುಳಾದ ಮಗ್ವಿನ್ ಹನ್ನೆರಡು ತಂತಿಯ ರಿಕನ್‌ಬ್ಯಾಕರ್ ವಿದ್ಯುತ್ ಗಿಟಾರನ್ನು ಕೊಂಡರು. ಮುಂದೆ ತಂಡದ ಗುರುತಾದ ಆ ಗಂಟೆಯಂಥ ನಾದ ಅದರದು. ಬ್ಲೂಗ್ರಾಸ್ ಸಂಗೀತದ ಮ್ಯಾಂಡೊಲಿನ್ ವಾದಕ ಕ್ರಿಸ್ ಹಿಲ್‌ಮನ್ ಬಂದು ಬಾಸ್ ಗಿಟಾರು ಹಿಡಿದರು. ತಾಳವಾದ್ಯಕ್ಕೆ ಬಂದ ಮೈಕೆಲ್ ಕ್ಲಾರ್ಕರ ಬಳಿ ಮೊದಮೊದಲು ವಾದ್ಯವೇ ಇರಲಿಲ್ಲ. ರಟ್ಟಿನ ಪೆಟ್ಟಿಗೆಗಳ ಮೇಲೆ ಬಾರಿಸಿ ಅಭ್ಯಾಸ ನಡೆಯಿತು. ಮೊದಲು ಜೆಟ್ ಸೆಟ್ ಎಂದು ಕರೆದುಕೊಂಡರು. ಬೀಫೀಟರ್ಸ್ ಎಂಬ ಮತ್ತೊಂದು ಹೆಸರಿನಲ್ಲಿ ಒಂದು ಮುದ್ರಿಕೆ ಹೊರಟು ಸದ್ದಿಲ್ಲದೆ ಮುಳುಗಿತು. ನವೆಂಬರಿನಲ್ಲಿ ಕೊಲಂಬಿಯಾ ಕಂಪನಿಯೊಡನೆ ಕರಾರಾಯಿತು. ಹಕ್ಕಿಗಳೆಂಬರ್ಥದ ಇಂಗ್ಲಿಷ್ ಪದದ ಒಂದಕ್ಷರವನ್ನು ಬೇಕೆಂದೇ ಬದಲಿಸಿ ಹೊಸ ಹೆಸರನ್ನು ಇಟ್ಟುಕೊಂಡದ್ದೂ ಆಗಲೇ.

ಅವರ ವ್ಯವಸ್ಥಾಪಕ ಜಿಮ್ ಡಿಕ್ಸನ್ ಬಾಬ್ ಡಿಲನ್ನರ ಇನ್ನೂ ಪ್ರಕಟವಾಗಿರದ 'ಮಿಸ್ಟರ್ ಟ್ಯಾಂಬೊರೀನ್ ಮ್ಯಾನ್' ಎಂಬ ಹಾಡಿನ ಮುದ್ರಿಕೆಯೊಂದನ್ನು ತಂದು ಇದನ್ನು ಹಾಡಿ ಎಂದರು. ತಂಡದವರಿಗೆ ಮೊದಲು ಅದು ರುಚಿಸಲಿಲ್ಲ. 1965ರ ಜನವರಿ 20ರಂದು ಮುದ್ರಣ ನಡೆಯಿತು. ತಂಡದ ಕೈಗಳು ಇನ್ನೂ ಪಳಗಿಲ್ಲವೆಂದು ನಿರ್ಮಾಪಕ ಟೆರಿ ಮೆಲ್ಚರ್ ವೃತ್ತಿನಿರತ ವಾದಕರನ್ನು ಕರೆಸಿದರು. ವಾದ್ಯ ನುಡಿಸಿದ ಬರ್ಡ್ಸ್ ಎಂದರೆ ಮಗ್ವಿನ್ ಒಬ್ಬರೇ. ಉಳಿದವರಲ್ಲಿ ಕ್ಲಾರ್ಕ್, ಕ್ರಾಸ್ಬಿ ದನಿಗೂಡಿಸಿದರು. ಡಿಲನ್ನರ ಮೂಲ ಮಾರ್ಚಿಯಲ್ಲಿ, ಇವರದು ಏಪ್ರಿಲಿನಲ್ಲಿ ಹೊರಬಂತು. ಜೂನ್ ಕೊನೆಗೆ ಅಮೆರಿಕದಲ್ಲಿ, ಜುಲೈನಲ್ಲಿ ಬ್ರಿಟನ್ನಿನಲ್ಲಿ ಅದು ಮಾರಾಟದ ಪಟ್ಟಿಯ ತುದಿಗೇರಿತು.

ಈಗ ಕವಿತೆಯ ಕಡೆ ನೋಡೋಣ. ಮೂಲದಲ್ಲಿ ನಾಲ್ಕು ನುಡಿಗಳಿವೆ. ಪ್ರತಿಯೊಂದರ ಮಗ್ಗುಲಿಗೂ ಪಲ್ಲವಿ ಬರುತ್ತದೆ. ಒಟ್ಟು ಐದು ನಿಮಿಷವನ್ನು ಮೀರಿದ ಹಾಡು. ರಾತ್ರಿಯೆಲ್ಲ ಎಚ್ಚರವಿದ್ದು ಬೆಳಗಿನ ಬರಿದಾದ ಬೀದಿಯಲ್ಲಿ ನಿಂತ ಒಬ್ಬ ದಣಿದ ಮನುಷ್ಯ ವಾದಕನೊಬ್ಬನನ್ನು ಕುರಿತು, ನನಗಾಗಿ ಒಂದು ಹಾಡು ನುಡಿಸು, ನಿನ್ನ ಹಿಂದೆ ಬರುತ್ತೇನೆ ಎನ್ನುತ್ತಾನೆ. ಮೊದಲ ನುಡಿ ಅವನ ದಣಿವು, ಎರಡನೆಯದು ಹೊರಡುವ ಹಂಬಲ; ಮೂರನೆಯದರಲ್ಲಿ ತನ್ನ ಹಾಡುಗಾರಿಕೆಯ ಬಗ್ಗೆಯೇ ಒಂದು ಸಣ್ಣ ನಗೆ ಇದೆ; ನಾಲ್ಕನೆಯದು ನೆನಪನ್ನೂ ವಿಧಿಯನ್ನೂ ಒಂದು ದಿನದ ಮಟ್ಟಿಗೆ ಮರೆತುಬಿಡುವ ಆಸೆ. ಬರ್ಡ್ಸ್ ಇಟ್ಟುಕೊಂಡದ್ದು ಎರಡನೆಯ ನುಡಿಯೊಂದನ್ನು ಮಾತ್ರ. ಹಿಂದೊಮ್ಮೆ ಮುಂದೊಮ್ಮೆ ಪಲ್ಲವಿ. ಎರಡೂವರೆ ನಿಮಿಷದೊಳಗೆ ಎಲ್ಲವೂ ಮುಗಿಯಿತು. ಉಸಿರಿನ ಲೆಕ್ಕದಲ್ಲಿ ಸಾಗುತ್ತಿದ್ದ ಡಿಲನ್ನರ ಸಾಲುಗಳನ್ನು ಅವರು ನಾಲ್ಕು ಪೆಟ್ಟಿನ ಸಮನಾದ ನಡೆಯಲ್ಲಿ ಕೂರಿಸಿದರು. ಇದಕ್ಕೆ ಕುಣಿಯಲೂ ಬರುತ್ತದಲ್ಲ ಎಂದು ಡಿಲನ್ನರೇ ಅಚ್ಚರಿಪಟ್ಟರೆಂದು ಹೇಳುವುದುಂಟು.

ನಷ್ಟವೇನೆಂಬುದು ಸ್ಪಷ್ಟ. ದಣಿವು ಹೋಯಿತು, ಹಂಬಲ ಉಳಿಯಿತು. ಏಕೆ ಹೊರಡುತ್ತಾನೆಂಬುದು ಹೋಗಿ ಹೊರಡುವುದಷ್ಟೇ ಉಳಿಯಿತು. ಆದರೆ ಕತ್ತರಿಸಿದ್ದರಿಂದಲೇ ಕವಿತೆ ಸತ್ತಿತೆನ್ನುವುದನ್ನು ನಾವು ಒಪ್ಪಲಾರೆವು. ಮೂವರ ದನಿಗಳು ಒಂದರ ಮೇಲೊಂದು ಏರಿ ಬಂದಾಗ ಒಬ್ಬಂಟಿಯ ಬೇಡಿಕೆಯಾಗಿದ್ದುದು ಒಂದು ಪೀಳಿಗೆಯ ಬೇಡಿಕೆಯಾಯಿತು. ಇದು ಮೂಲದಲ್ಲಿ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಅದಲ್ಲದೆ ಪೂರ್ಣಪಾಠ ಬೇಕಾದವನಿಗೆ ಡಿಲನ್ನರ ತಟ್ಟೆ ಅದೇ ಅಂಗಡಿಯಲ್ಲಿ ದೊರೆಯುತ್ತಿತ್ತು. ಈ ಕೊನೆಯ ಸಂಗತಿಯನ್ನು ನಾವು ನೆನಪಿಡಬೇಕು. ನಮ್ಮ ಸ್ಥಿತಿ ಬೇರೆಯಾಗುವುದು ಇಲ್ಲಿಯೇ.

ನಮ್ಮಲ್ಲಿ ಹೊಸ ಕವಿಗಳ ರಚನೆಗಳನ್ನು ವೇದಿಕೆಗೆ ತಂದವರಲ್ಲಿ ಪಿ. ಕಾಳಿಂಗರಾಯರದು ಅಗ್ರಸ್ಥಾನ. ಉಡುಪಿಯ ಕಡೆಯಿಂದ ಬಂದು, ಮೋಹನಕುಮಾರಿ, ಸೋಹನಕುಮಾರಿಯರ ದನಿಗಳನ್ನು ತಮ್ಮ ದನಿಯೊಡನೆ ಹೆಣೆದು ಊರೂರಿನಲ್ಲಿ ಹಾಡಿದ ಆ ಮೂವರನ್ನು ಕನ್ನಡದ ಮೊದಲ ಗಾಯನತಂಡವೆಂದು ಕರೆದರೆ ಅತಿಶಯವಾಗದು. ಮೈಸೂರು ಅನಂತಸ್ವಾಮಿಯವರು 1978ರಲ್ಲಿ ನಿಸಾರ್ ಅಹಮದರ ಕವನಗಳನ್ನು 'ನಿತ್ಯೋತ್ಸವ' ಎಂಬ ಧ್ವನಿಸುರುಳಿಯಾಗಿ ತಂದಾಗ ಭಾವಗೀತೆ ಸಭಾಂಗಣದಿಂದ ಮನೆಯೊಳಗೆ ಬಂತು. ಮುಂಬಯಿಗೆ ಬರುವವರ ಚೀಲದಲ್ಲಿಯೂ ಬಂತು. ಸಿ. ಅಶ್ವತ್ಥರು ಕೆ. ಎಸ್. ನರಸಿಂಹಸ್ವಾಮಿಯವರ ಮಲ್ಲಿಗೆಗೂ ಶಿಶುನಾಳ ಶರೀಫರ ತತ್ತ್ವಪದಗಳಿಗೂ ಏರುದನಿಯ ಆವೇಶವನ್ನು ಕೊಟ್ಟರು. ಅನಂತಸ್ವಾಮಿಯವರದು ಮಾತನ್ನು ಮುಂದಿಟ್ಟು ತಾನು ಹಿಂದೆ ನಿಲ್ಲುವ ಧಾಟಿ. ಅಶ್ವತ್ಥರದು ಮಾತನ್ನು ಎತ್ತಿಕೊಂಡು ಓಡುವ ಧಾಟಿ. ಶರೀಫರ ಪದಗಳು ಹುಟ್ಟಿದ್ದೇ ಹಾಡಿಗಾಗಿ. ಅಲ್ಲಿ ಅಶ್ವತ್ಥರಿಗೆ ಎದುರಿಲ್ಲ. ಪುಟಕ್ಕಾಗಿ ಹುಟ್ಟಿದ ಕವಿತೆಯಲ್ಲಿ ನಮ್ಮ ಒಲವು ಅನಂತಸ್ವಾಮಿಯವರ ಕಡೆಗೆ ವಾಲುತ್ತದೆ.

ಇವರಿಬ್ಬರ ಧಾಟಿಗಳ ನಡುವಣ ಈ ಭೇದ ಬರಿಯ ರುಚಿಯ ವಿಷಯವಾಗಿ ಉಳಿಯಲಿಲ್ಲ. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' 2004ರಲ್ಲಿ ನಾಡಗೀತೆಯೆಂದು ಘೋಷಿತವಾದ ಮೇಲೆ ಅದನ್ನು ಯಾರ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಆಲಾಪವೂ ಪುನರಾವರ್ತನೆಯೂ ಇಲ್ಲದೆ ಪೂರ್ಣಪಾಠವನ್ನು ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶಿಸಿತು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದದ್ದೂ ಆಯಿತು. ಎರಡೂವರೆ ನಿಮಿಷವೆಂಬ ಮಿತಿ ಹಾಲಿವುಡ್ಡಿನ ಮುದ್ರಣಶಾಲೆಯಲ್ಲಿಯೂ ಬೆಂಗಳೂರಿನ ಸಚಿವಾಲಯದಲ್ಲಿಯೂ ಒಂದೇ ಆದುದು ವಿನೋದದ ಸಂಗತಿ. ಆದರೆ ಕತ್ತರಿ ಆಡಿದ ಜಾಗ ನೋಡಿ: ಅಲ್ಲಿ ಕವಿತೆಯನ್ನು ಕತ್ತರಿಸಿ ಪಲ್ಲವಿಯ ಪುನರುಕ್ತಿಯನ್ನು ಉಳಿಸಿಕೊಂಡರು; ಇಲ್ಲಿ ಕವಿತೆಯನ್ನು ಉಳಿಸಿಕೊಂಡು ಪುನರುಕ್ತಿಯನ್ನು ಕತ್ತರಿಸಿದರು. ಕವಿಯ ಒಂದಕ್ಷರವನ್ನೂ ಬಿಡಬಾರದೆಂಬ ನಿಷ್ಠೆ ಗೌರವಾರ್ಹವೇ. ಆದರೆ ಹೆಸರುಗಳ ಆ ಉದ್ದ ಸಾಲನ್ನು ನಿಲ್ಲದೆ ಹಾಡಿ ಮುಗಿಸುವಾಗ ಕೇಳುವವನಿಗೆ ಯಾವುದೊಂದು ಹೆಸರೂ ನಿಲ್ಲುವುದಿಲ್ಲವೆಂಬುದೂ ಅನುಭವಕ್ಕೆ ಬಂದ ಮಾತು.

ಹಾಗಾದರೆ ಅಳತೆಗೋಲು ಯಾವುದು? ಎಷ್ಟು ಕತ್ತರಿಸಿದರು ಎಂಬುದಲ್ಲ ಎಂದು ನಮ್ಮ ನಮ್ರ ಅಭಿಪ್ರಾಯ. ಕೋಲು ನಮ್ಮ ಮನೆಯಲ್ಲಿಯೇ ಇದೆ. ಹಾಡಿಗೂ ಕಾವ್ಯಕ್ಕೂ ಇರುವ ನಂಟು ಕನ್ನಡದಲ್ಲಿ ನಿನ್ನೆ ಮೊನ್ನೆಯದಲ್ಲ. ಕವಿರಾಜಮಾರ್ಗವೇ ಚತ್ತಾಣ, ಬೆದಂಡೆಗಳನ್ನು ಹೆಸರಿಸುತ್ತದೆ. ಕುಮಾರವ್ಯಾಸನನ್ನು ಊರಿನ ಜಗಲಿಗೆ ತಂದ ಗಮಕಿಗಳು ಒಂದು ನಿಯಮವನ್ನು ಪಾಲಿಸುತ್ತ ಬಂದರು: ರಾಗವುಂಟು, ತಾಳದ ಕಟ್ಟಿಲ್ಲ. ಅರ್ಥ ಒಡೆಯುವಲ್ಲಿ ಪದ ಒಡೆಯಬೇಕು. ಹ್ರಸ್ವ ಹ್ರಸ್ವವಾಗಿಯೂ ದೀರ್ಘ ದೀರ್ಘವಾಗಿಯೂ ಕೇಳಬೇಕು. ಗಮಕಿಯೂ ಕಾವ್ಯವನ್ನು ಪೂರ್ತಿ ಓದುವುದಿಲ್ಲ. ಪ್ರಸಂಗವನ್ನು ಆರಿಸಿಕೊಳ್ಳುತ್ತಾನೆ, ಪದ್ಯಗಳನ್ನು ದಾಟುತ್ತಾನೆ. ಆಯ್ಕೆ ದೋಷವಲ್ಲ, ಆಯ್ದುದರ ಮೈ ಮುರಿಯುವುದು ದೋಷ.

ಈ ಕೋಲನ್ನು ಹಿಡಿದು ಬರ್ಡ್ಸರ ಎರಡನೆಯ ದೊಡ್ಡ ಹಾಡನ್ನು ಅಳೆಯಬಹುದು. 1965ರ ಅಕ್ಟೋಬರಿನಲ್ಲಿ ಹೊರಬಂದು ಡಿಸೆಂಬರಿನಲ್ಲಿ ಮೂರು ವಾರ ಪಟ್ಟಿಯ ತುದಿಯಲ್ಲಿದ್ದ 'ಟರ್ನ್! ಟರ್ನ್! ಟರ್ನ್!' ಎಂಬುದರ ಮಾತುಗಳು ಬಹುಮಟ್ಟಿಗೆ ಬೈಬಲಿನವು. ನಮ್ಮ ಅನುವಾದದಲ್ಲಿ 'ಪ್ರಸಂಗಿ' ಎನಿಸಿಕೊಳ್ಳುವ ಪುಸ್ತಕದ ಮೂರನೆಯ ಅಧ್ಯಾಯ. ಜನಪದ ಗಾಯಕ ಪೀಟ್ ಸೀಗರ್ ಅದಕ್ಕೆ ಧಾಟಿಯನ್ನೂ ತಿರುಗುವಿಕೆಯನ್ನು ಸಾರುವ ಒಂದು ಮಾತಿನ ಪುನರುಕ್ತಿಯನ್ನೂ ಕೊಟ್ಟು, ಕೊನೆಯಲ್ಲಿ ಶಾಂತಿಯನ್ನು ಕುರಿತ ಕೆಲವೇ ಪದಗಳನ್ನು ತಮ್ಮ ಕಡೆಯಿಂದ ಸೇರಿಸಿದ್ದರು. ಮಗ್ವಿನ್‌ಗೆ ಹಾಡು ಹೊಸತಲ್ಲ. 1963ರಲ್ಲಿ ಜೂಡಿ ಕಾಲಿನ್ಸ್ ಎಂಬ ಗಾಯಕಿಗಾಗಿ ಅದನ್ನು ಅಳವಡಿಸಿದವರು ಅವರೇ. ಅಮೆರಿಕದ ಸೇನೆ ವಿಯೆಟ್ನಾಮಿನ ನೆಲದಲ್ಲಿ ಕಾಲೂರಿದ ವರ್ಷ ಅದು. ಕಾಲವನ್ನು ಕುರಿತ ಪ್ರಾಚೀನ ಗದ್ಯ ಅಂದಿನ ಮಾತಾಯಿತು. ಇಲ್ಲಿ ನಾವು ಗಮನಿಸಬೇಕಾದುದು ಹಾಡಿನ ಕಟ್ಟಡ. ಹುಟ್ಟಲು, ಸಾಯಲು, ನೆಡಲು, ಕೀಳಲು ಎಂದು ಜೋಡಿಜೋಡಿಯಾಗಿ ಸಾಗುವ ಆ ಗದ್ಯದ ಸಮತೂಕವನ್ನು ಧಾಟಿ ಮುಟ್ಟದೆ ಬಿಟ್ಟಿದೆ; ಜೋಡಿ ಮುಗಿದಲ್ಲಿ ಸ್ವರವೂ ಮುಗಿಯುತ್ತದೆ. ವಚನಗಾಯನವನ್ನು ಬಲ್ಲ ನಮಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಬಾಯಲ್ಲಿ ವಚನ ರಾಗವಾದಾಗಲೂ ಅದರ ಗದ್ಯದ ಬೆನ್ನೆಲುಬು ಬಾಗಲಿಲ್ಲ. 'ಟ್ಯಾಂಬೊರೀನ್' ಹಾಡಿಗಿಂತ ಇದನ್ನು ಮೇಲೆಂದು ನಾವು ಎಣಿಸುವುದು ಇದೇ ಕಾರಣದಿಂದ.

ಮೂರನೆಯ ಹೆಸರಾಂತ ಹಾಡು 1966ರ ಮಾರ್ಚಿಯಲ್ಲಿ ಬಂದ 'ಏಯ್ಟ್ ಮೈಲ್ಸ್ ಹೈ'. ಇದರ ಮಾತುಗಳು ತಂಡದವರವೇ. ಹಿಂದಿನ ವರ್ಷ ಲಂಡನ್ನಿಗೆ ಹಾರಿಹೋಗಿ, ಅಲ್ಲಿ ತಣ್ಣನೆಯ ಸ್ವಾಗತ ಪಡೆದ ಅನುಭವ ಅದರ ವಸ್ತು. ಮಾದಕ ವಸ್ತುವಿನ ಹಾಡೆಂಬ ಗುಮಾನಿಯಿಂದ ಹಲವು ರೇಡಿಯೊ ನಿಲಯಗಳು ಅದನ್ನು ಕೈಬಿಟ್ಟವು; ಪಟ್ಟಿಯಲ್ಲಿ ಹದಿನಾಲ್ಕರ ಮೇಲೆ ಏರಲಿಲ್ಲ. ನಮಗೆ ಇದರಲ್ಲಿ ಬೇರೊಂದು ಆಸಕ್ತಿ. ಡಿಕ್ಸನ್ನರಿಗೆ ಪರಿಚಯವಿದ್ದ ವರ್ಲ್ಡ್ ಪೆಸಿಫಿಕ್ ಮುದ್ರಣಶಾಲೆಯಲ್ಲಿ ತಂಡ ಮೊದಲಿನಿಂದ ಅಭ್ಯಾಸ ನಡೆಸಿತ್ತು. ಪಂಡಿತ ರವಿಶಂಕರರ ಸಿತಾರ್ ಮುದ್ರಿಕೆಗಳನ್ನು ಹೊರತಂದ ಸಂಸ್ಥೆ ಅದು. 1965ರ ಪ್ರವಾಸದಲ್ಲಿ ರವಿಶಂಕರರನ್ನೂ ಜಾಜ್ ವಾದಕ ಜಾನ್ ಕೋಲ್ಟ್ರೇನರ 'ಇಂಡಿಯಾ' ಎಂಬ ರಚನೆಯನ್ನೂ ಬಸ್ಸಿನಲ್ಲಿ ಮತ್ತೆ ಮತ್ತೆ ಕೇಳಿದರು. ಕೋಲ್ಟ್ರೇನರ ಒಂದು ಸ್ವರಗುಚ್ಛ ಗಿಟಾರಿಗೆ ಬಂದು ಹಾಡಿನ ಮೊದಲಲ್ಲೇ ನಿಂತಿತು. ಪತ್ರಿಕೆಗಳು ಇದನ್ನು 'ರಾಗ ರಾಕ್' ಎಂದು ಕರೆದವು; ತಂಡದವರು ಸಿತಾರನ್ನು ಹಿಡಿದು ಪತ್ರಿಕಾಗೋಷ್ಠಿಯನ್ನೂ ನಡೆಸಿದರು, ಆ ಮುದ್ರಿಕೆಯಲ್ಲಿ ಸಿತಾರ್ ಇರಲಿಲ್ಲವೆಂಬುದು ಬೇರೆ ಮಾತು! ಕಿರಾಣಾ, ಜೈಪುರಗಳ ಗಾಯನವನ್ನು ಕೇಳಿ ಬೆಳೆದ ಕಿವಿಗೆ ಇದರಲ್ಲಿ ಶ್ರುತಿಯ ಮೇಲಿನ ಮೋಹ ಕಾಣುತ್ತದೆ, ರಾಗದ ನಡೆ ಕಾಣದು. ಬರ್ಡ್ಸರ ಸಾಹಸವನ್ನು ಇದು ಕುಂದಿಸುವುದಿಲ್ಲ. ಹೆಸರಿಟ್ಟವರ ಅವಸರವನ್ನು ತೋರಿಸುತ್ತದೆ, ಅಷ್ಟೆ. ಈ ಹಾಡು ಹೊರಬರುವ ಹೊತ್ತಿಗೆ ಜೀನ್ ಕ್ಲಾರ್ಕ್ ತಂಡವನ್ನು ಬಿಡುತ್ತಿದ್ದರು. ಆಕಾಶದ ಎತ್ತರವನ್ನು ಕುರಿತ ಹಾಡಿನ ಮುಖ್ಯ ಕರ್ತೃವಿಗೆ ವಿಮಾನದ ಭಯವಿತ್ತು. 1967ರಲ್ಲಿ ಕ್ರಾಸ್ಬಿಯವರನ್ನು ಹೊರಗೆ ಕಳಿಸಿದರು. ಅಲ್ಲಿಂದ ಮುಂದಿನದು ಬೇರೆಯೇ ಚರಿತ್ರೆ.

ಇನ್ನು ನಮ್ಮ ಮನೆಗೆ ಬರೋಣ. ಡಿಲನ್ನರ ವಾದಕನಿಗೆ ಕನ್ನಡದಲ್ಲಿ ಒಬ್ಬ ಅಣ್ಣನಿದ್ದಾನೆ. ಗೋಪಾಲಕೃಷ್ಣ ಅಡಿಗರು ನವ್ಯದ ದಾರಿ ಹಿಡಿಯುವ ಮೊದಲು ಬರೆದ 'ಮೋಹನ ಮುರಳಿ'ಯಲ್ಲಿಯೂ ಒಂದು ವಾದ್ಯದ ಕರೆ. ಇಲ್ಲಿಯೂ ದೂರದ ತೀರ. ಇಲ್ಲಿಯೂ ಇರುವ ನೆಲೆಯಲ್ಲಿ ನಿಲ್ಲಲಾರದ ಒಂದು ಜೀವ. 1997ರಲ್ಲಿ ನಾಗತಿಹಳ್ಳಿ ಚಂದ್ರಶೇಖರರ 'ಅಮೆರಿಕಾ ಅಮೆರಿಕಾ' ಚಿತ್ರದಲ್ಲಿ ಮನೋಮೂರ್ತಿಯವರ ಧಾಟಿಯಲ್ಲಿ, ಅನಂತಸ್ವಾಮಿಯವರ ಮಗ ರಾಜು ಅನಂತಸ್ವಾಮಿ, ಸಂಗೀತಾ ಕಟ್ಟಿ ಇವರ ದನಿಯಲ್ಲಿ ಅದು ಹೊಸದಾಗಿ ಬಂದಾಗ ಊರು ಬಿಟ್ಟು ಬಂದವರ ಹಾಡಾಯಿತು. ಕುದುರೆಗಳನ್ನು ಬದಲಿಸುತ್ತಿದ್ದ ತಾಣವಾದುದರಿಂದ ಬದಲಾಪುರಕ್ಕೆ ಆ ಹೆಸರು ಬಂತೆಂಬ ಐತಿಹ್ಯವುಂಟು. ಇಂಥ ಊರಿನಲ್ಲಿ ನೆಲೆಸಿದವರಿಗೆ ಆ ಕವಿತೆ ತಟ್ಟುವುದು ಸಹಜ. ಕವಿತೆಯ ಕೊನೆಯಲ್ಲಿ ಕೈಯಲ್ಲಿರುವುದನ್ನು ಬಿಟ್ಟು ಇಲ್ಲದ್ದಕ್ಕೆ ಹಂಬಲಿಸುವುದರ ಮಾತು ಬರುತ್ತದೆ. ಇಂದು ಜನ ಅದನ್ನು ಗಾದೆಯಂತೆ ಆಡುತ್ತಾರೆ. ಆದರೆ ಆ ವಾಕ್ಯದ ಕ್ರಿಯಾರೂಪದ ತುದಿಯಲ್ಲಿ ಒಂದು ಎಕಾರವಿದೆ. ಕನ್ನಡದ ಎಕಾರ ಪ್ರಶ್ನೆಯನ್ನೂ ಸೂಚಿಸುತ್ತದೆ, ಅವಧಾರಣೆಯನ್ನೂ ಸೂಚಿಸುತ್ತದೆ. ಜೀವನವೆಂದರೆ ಇದೆಯೋ, ಇದುವೆಯೋ? ಪುಟದ ಮೇಲೆ ಎರಡೂ ನಿಲ್ಲುತ್ತವೆ. ಕವಿತೆಯ ಬಲವೆಲ್ಲ ಆ ಒಂದು ಸ್ವರದ ತೂಗಾಟದಲ್ಲಿದೆ. ಹಾಡಿನಲ್ಲಿ ಸ್ವರ ಏರಿದರೆ ಪ್ರಶ್ನೆ, ಇಳಿದು ನಿಂತರೆ ನಿರ್ಣಯ. ಧಾಟಿ ತೀರ್ಮಾನಿಸದೆ ಇರಲಾರದು.

ಇದರ ಜೊತೆಗೆ ನಮ್ಮ ಮಕ್ಕಳ ಕಷ್ಟವೂ ಒಂದಿದೆ. ಕನ್ನಡ ಲಿಪಿ ಬಾರದವರು ಹಾಡನ್ನು ನಾಗರಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ಮರಾಠಿ ಶಾಲೆಗಳಲ್ಲಿ ಕಲಿಸುವ ನಾಗರಿಯಲ್ಲಿ ಹ್ರಸ್ವ ಎ, ಒ ಗಳಿಗೆ ಬೇರೆ ಚಿಹ್ನೆಯಿಲ್ಲ. ಕೊಡು ಎಂಬುದೂ ಕೋಡು ಎಂಬುದೂ ಅಲ್ಲಿ ಒಂದೇ ಬರಹ. ಬೆಳೆಯೂ ಬೇಳೆಯೂ ಒಂದೇ. ನೀರಿನ ಕೆರೆಯೂ ಹಾವಿನ ಕೇರೆಯೂ ಒಂದೇ. ಇಂಥ ಬರಹವನ್ನು ಕೈಯಲ್ಲಿ ಹಿಡಿದ ಹುಡುಗಿಗೆ ಯಾವುದು ಹ್ರಸ್ವ, ಯಾವುದು ದೀರ್ಘವೆಂದು ತಿಳಿಸುವುದು ಧಾಟಿಯೊಂದೇ. ಲಿಪಿ ಕಳೆದುದನ್ನು ಹಾಡು ಉಳಿಸಿಕೊಡುತ್ತದೆ, ಧಾಟಿ ಕಟ್ಟಿದವರು ಮಾತ್ರೆಗಳನ್ನು ಕಾದಿದ್ದರೆ. ತಾಳ ತುಂಬಿಸಲೆಂದು ಲಘುವನ್ನು ಎಳೆದು ಗುರುವಾಗಿಸುವ ಚಾಳಿ ಈಚಿನ ಧ್ವನಿಮುದ್ರಿಕೆಗಳಲ್ಲಿ ಬೆಳೆಯುತ್ತಿದೆ. ಕರ್ನಾಟಕದ ಕೇಳುಗನು ಅದನ್ನು ಮನಸ್ಸಿನಲ್ಲಿಯೇ ತಿದ್ದಿಕೊಳ್ಳುತ್ತಾನೆ, ಏಕೆಂದರೆ ಪದ ಅವನಿಗೆ ಮೊದಲೇ ಗೊತ್ತು. ಇಲ್ಲಿಯ ಮಗು ತಿದ್ದಿಕೊಳ್ಳುವುದಿಲ್ಲ, ಕೇಳಿದಂತೆಯೇ ಕಲಿಯುತ್ತದೆ. ಇಂಗ್ಲಿಷಿನಲ್ಲಿ ಪದದ ಜೀವ ಒತ್ತಿನಲ್ಲಿದೆ. ಆದುದರಿಂದ ಬರ್ಡ್ಸ್ ಸ್ವರಗಳನ್ನು ಬೇಕಾದಷ್ಟು ಎಳೆದರೂ ಪದ ಪದವಾಗಿಯೇ ಉಳಿಯಿತು. ಕನ್ನಡದಲ್ಲಿ ಪದದ ಜೀವ ಮಾತ್ರೆಯಲ್ಲಿದೆ. ಅವರಿಗಿದ್ದ ಸ್ವಾತಂತ್ರ್ಯ ನಮ್ಮ ಸ್ವರಸಂಯೋಜಕರಿಗೆ ಇಲ್ಲ.

ಅಡಿಗರ ಎಕಾರಕ್ಕೆ ಹಿಂದಿರುಗಿದರೆ, ಪುಟಕ್ಕೆ ಇಲ್ಲದ ಒಂದು ಅನುಕೂಲ ಹಾಡಿಗುಂಟು: ಅದು ಒಂದೇ ಸಾಲನ್ನು ಎರಡು ಸಲ ಹೇಳಬಲ್ಲದು. ಒಳ್ಳೆಯ ಗಮಕಿಯೊಬ್ಬರು ಆ ಸಾಲನ್ನು ಎತ್ತಿಕೊಂಡರೆ ಮೊದಲ ಸಲ ತುದಿಯ ಸ್ವರವನ್ನು ಮೇಲಕ್ಕೆ ಬಿಟ್ಟು ಕೇಳಿಯಾರು, ಎರಡನೆಯ ಸಲ ಷಡ್ಜಕ್ಕೆ ಇಳಿಸಿ ನಿಲ್ಲಿಸಿಯಾರು; ಎಕಾರವನ್ನು ಮಾತ್ರ ಎರಡು ಸಲವೂ ಒಂದು ಮಾತ್ರೆಯಲ್ಲಿಯೇ ಇಟ್ಟಾರು.